ಕಂಡೀಷನ್ ಇಲ್ಲದೆ ಆಫರ್ ಹಾಕೋ ಮುಂಚೆ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಬಂದಿದೆ, ಹೆಂಡತಿಗೆ ಆರನೇ ತಿಂಗಳು, ಮಿಸ್ಸಿಸ್ಸಾಗಾದಲ್ಲಿ ಟೌನ್‌ಹೌಸ್ ನೋಡುತ್ತಿದ್ದೀರಿ. ‘ಕಂಡೀಷನ್ ಹಾಕಿದರೆ ಈ ಏಪ್ರಿಲ್‌ನಲ್ಲಿ ಮನೆ ಸಿಗಲ್ಲ ಅಂತಾರೆ ಏಜೆಂಟ್, ತೆಗೆದುಬಿಡಲಾ? ದುಡ್ಡು ಸಾಲದಿದ್ದರೆ ಅಪ್ಪ ಹಾಸನದ ಸೈಟು ಮಾರಿ ಕಳಿಸ್ತಾರಂತೆ’ ಅಂತ ಕೇಳಿದ್ದೀಯ. ‘ಬ್ಯಾಂಕ್ ಸಾಲ ಸಿಕ್ಕರೆ ಮಾತ್ರ ಕೊಳ್ಳುತ್ತೇನೆ’ ಅನ್ನೋ ಥರದ ಷರತ್ತೇ ಈ ಕಂಡೀಷನ್.

ನಾವು 2011ರ ಜನವರಿಯಲ್ಲಿ ಬಂದವರು. ವರ್ಷಗಟ್ಟಲೆ ಬಾಡಿಗೆ ಬೇಸ್‌ಮೆಂಟಿನಲ್ಲೇ ಕಳೆದೆವು. ಒಗ್ಗರಣೆ ಹಾಕಿದರೆ ಮೇಲಿನವರು ನೆಲ ಕುಟ್ಟೋರು. ಸ್ವಂತ ಮನೆ ಅಂದರೆ ನನಗೆ ಇಂಗು ಹಾಕೋಕೆ ಯಾರನ್ನೂ ಕೇಳಬೇಕಿಲ್ಲದ ಜಾಗ, ಅಷ್ಟೇ.

ಇಲ್ಲಿ ಲಿಸ್ಟಿಂಗ್ ಬೆಲೆಯನ್ನು ನಂಬಬೇಡ. ಎಷ್ಟೋ ಸಲ ಬೇಕಂತಲೇ ಕಮ್ಮಿ ಹಾಕಿ, ವಾರವಿಡೀ ಜನ ಬಂದು ನೋಡಲಿ ಅಂತ ಬಿಟ್ಟು, ಒಂದು ರಾತ್ರಿ ಎಲ್ಲ ಆಫರ್ ಒಟ್ಟಿಗೆ ತೆಗೆಯುತ್ತಾರೆ. ಎಷ್ಟು ಆಫರ್ ಇವೆ ಅಂತ ಗೊತ್ತಾಗುತ್ತೆ, ಯಾರು ಎಷ್ಟು ಹಾಕಿದ್ದಾರೆ ಅಂತ ಗೊತ್ತಾಗಲ್ಲ. 2023ರ ಡಿಸೆಂಬರ್‌ನಿಂದ ನಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ ಮಾರುವವರು ಒಪ್ಪಿದರೆ ಅದನ್ನೂ ತಿಳಿಸಬಹುದು. ಅವರು ಯಾಕೆ ಒಪ್ತಾರೆ ಹೇಳು!

2017ರ ಮಾರ್ಚ್‌ನಲ್ಲಿ ಬ್ರಾಂಪ್ಟನ್‌ನ ಒಂದು ಮನೆಯ ಎದುರು ಕಾರಿನಲ್ಲಿ ಕೂತಿದ್ದೆವು. ಏಜೆಂಟ್ ಹಿಂದಿನ ಸೀಟಿಗೆ ಬಂದು ಕೂತು, ‘ಇನ್ನೊಬ್ಬರು ನಿಮ್ಮ ಬೆಲೆಯ ಹತ್ತಿರದಲ್ಲೇ ಇದ್ದಾರೆ. ಸ್ವಲ್ಪ ಏರಿಸಿ, ಕಂಡೀಷನ್ ತೆಗೆಯಿರಿ’ ಅಂದರು. ನಮ್ಮೆಜಮಾನರು ಕಾಗದವನ್ನು ಸ್ಟೀರಿಂಗ್ ಮೇಲಿಟ್ಟು, ಹಳೆ ಅಂಕಿ ಹೊಡೆದು ಹೊಸದು ಬರೆದು, ಪಕ್ಕದಲ್ಲಿ ಇನಿಷಿಯಲ್ ಹಾಕಿದರು. ಮನೆ ನಮ್ಮದಾಯಿತು.

ಏಪ್ರಿಲ್ 20ಕ್ಕೆ ಒಂಟಾರಿಯೋ ಸರ್ಕಾರ ವಿದೇಶಿ ಕೊಳ್ಳುವವರ ಮೇಲೆ 15% ತೆರಿಗೆ ಘೋಷಿಸಿತು. ಮಾರ್ಕೆಟ್ ತಣ್ಣಗಾಯಿತು. ನಮ್ಮ ಕ್ಲೋಸಿಂಗ್, ಅಂದರೆ ಪೂರ್ತಿ ದುಡ್ಡು ಕೊಟ್ಟು ಮನೆ ಪಡೆಯೋ ದಿನ, ಇದ್ದದ್ದು ಜುಲೈಗೆ. ಬ್ಯಾಂಕಿನವರು ಅಪ್ರೈಸಲ್ (ಮನೆಯ ಬೆಲೆ ಅಂದಾಜು) ಮಾಡಿಸಿದರೆ, ನಾವು ಒಪ್ಪಿದ್ದಕ್ಕಿಂತ ಕೆಳಗೆ ಬಂತು. ಬ್ಯಾಂಕು ಸಾಲ ಕೊಡೋದು ತನ್ನ ಲೆಕ್ಕದ ಬೆಲೆಗೆ, ನೀನು ಜಿದ್ದಿಗೆ ಬಿದ್ದು ಏರಿಸಿದ ಬೆಲೆಗಲ್ಲ. ಉಳಿದದ್ದನ್ನು ಕೈಯಿಂದ ತುಂಬಬೇಕು. ಆಗಲಿಲ್ಲ ಅಂದರೆ ಡೆಪಾಸಿಟ್ ಹೋಯ್ತು, ಮೇಲೆ ಕೇಸೂ ಬೀಳಬಹುದು. ಫೈನಾನ್ಸ್ ಕಂಡೀಷನ್ ಇರೋದೇ ಇಂಥದ್ದಕ್ಕೆ. 2022ರ ಫೆಬ್ರವರಿಯಲ್ಲಿ ಕೊಂಡವರಲ್ಲೂ ಎಷ್ಟೋ ಜನ, ಬಡ್ಡಿ ಏರಿದ ಮೇಲೆ, ಹೀಗೇ ಸಿಕ್ಕಿಹಾಕಿಕೊಂಡರು.

ಆ ಕೊರತೆ ತುಂಬೋಕೆ ದುಡ್ಡು ಸಾಲದೆ ಮೈಸೂರಿಗೆ ಫೋನ್ ಮಾಡಿದಾಗ ಮಾವನವರು, ‘ಮನೆಗೇ ತಾನೆ, ನಾನು ಸೈಟು ಇಟ್ಕೊಂಡು ಏನು ಮಾಡಲಿ’ ಅಂದರು. ಕುವೆಂಪುನಗರದ ಥರ್ಟಿ ಫಾರ್ಟಿ. ಅವಸರಕ್ಕೆ ಬಂದ ರೇಟಿಗೆ ಕೊಟ್ಟರು. ಪುಟ್ಟದೊಂದು ಮನೆ ಕಟ್ಟಿ ಹಿತ್ತಲಲ್ಲಿ ನುಗ್ಗೆ ಹಾಕಬೇಕು ಅಂತಿದ್ದವರು ಕೊನೆವರೆಗೂ ಬಾಡಿಗೆ ಮನೆಯಲ್ಲೇ ಇದ್ದರು. ಒಂದು ದಿನವೂ ಆ ಮಾತು ಎತ್ತಲಿಲ್ಲ. ನಾಲ್ಕು ಮಾತು ಬೈದಿದ್ದರೆ ನನಗೆ ಸಮಾಧಾನವಾಗ್ತಿತ್ತು. ನಮ್ಮ ಮನೆಗೆ ಈಗ ಒಳ್ಳೆ ಬೆಲೆ ಇದೆ, ಹೆಮ್ಮೆ ಇಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಕುವೆಂಪುನಗರದಲ್ಲಿ ಮತ್ತೆ ಒಂದು ಸೈಟು ಕೊಳ್ಳೋದು ನಮ್ಮ ಕೈಲಾಗಲಿಲ್ಲ.

ಅದಕ್ಕೇ ಹೇಳೋದು, ಕಂಡೀಷನ್ ಇಟ್ಟೇ ಆಫರ್ ಹಾಕು. ಮನೆ ಕೈತಪ್ಪಿದರೆ ತಪ್ಪಲಿ. ಬಾಣಂತನಕ್ಕೆ ಅಮ್ಮ ಬಂದರೆ ಸಾಕು, ಸ್ವಂತ ಮನೆಯೇ ಆಗಬೇಕು ಅಂತೇನಿಲ್ಲ. ಅಪ್ಪ ತಮ್ಮ ಉಳಿತಾಯದಲ್ಲಿ ಕೊಡೋದಾದರೆ ಬೇಗ ಕಳಿಸಲಿ. ಬ್ಯಾಂಕು ಗಿಫ್ಟ್ ಲೆಟರ್ (ಇದು ಸಾಲವಲ್ಲ, ಉಡುಗೊರೆ ಅನ್ನೋ ಪತ್ರ) ಕೇಳುತ್ತೆ, ಸಾಮಾನ್ಯವಾಗಿ 90 ದಿನದ ಸ್ಟೇಟ್‌ಮೆಂಟೂ ಕೇಳುತ್ತೆ. ಸೈಟು ಮಾತ್ರ ಮುಟ್ಟಬೇಡ. ಮೊದಲ ಮನೆಗೆ ಅಂತಲೇ ಇರುವ ಎಫ್‌ಎಚ್‌ಎಸ್‌ಎ ಖಾತೆ ಇವತ್ತೇ ತೆರೆ, ವರ್ಷಕ್ಕೆ 8,000 ಡಾಲರ್ ಹಾಕಬಹುದು, ಟ್ಯಾಕ್ಸ್ ಉಳಿಯುತ್ತೆ. ಟೊರಾಂಟೊ ಊರೊಳಗೆ ಕೊಂಡರೆ ಲ್ಯಾಂಡ್ ಟ್ರಾನ್ಸ್‌ಫರ್ ಟ್ಯಾಕ್ಸ್ (ಆಸ್ತಿ ಕೈ ಬದಲಾದಾಗ ಕಟ್ಟೋ ತೆರಿಗೆ) ಎರಡು ಸಲ, ಪ್ರಾಂತ್ಯಕ್ಕೊಂದು, ನಗರಕ್ಕೊಂದು. ಮಿಸ್ಸಿಸ್ಸಾಗಾದಲ್ಲಿ ಆ ಎರಡನೇ ಕಾಟ ಇಲ್ಲ.

ಮನೆ ನೋಡೋಕೆ ಹೋದಾಗ ಮೇಲಿನ ಅಲಂಕಾರಕ್ಕೆ ಮರುಳಾಗಬೇಡ, ಸೀದಾ ಬೇಸ್‌ಮೆಂಟಿಗೆ ಇಳಿ. ಸ್ನೋ ಕರಗಿ ನೀರು ಇಂಗೋದು ಈಗಲೇ. ಗೋಡೆಯ ಬುಡದಲ್ಲಿ ಸುಣ್ಣದ ಪುಡಿಯಂಥ ಬಿಳಿ ಕಂಡರೆ, ಮೂಲೆಯಲ್ಲಿ ಹೊಸ ಪೇಂಟ್ ಒಂದೇ ಪಟ್ಟಿ ಇದ್ದರೆ, ಕಾರ್ಪೆಟ್ ಎತ್ತಿ ಮೂಸಿ ನೋಡು. ಸಂಕೋಚ ಬೇಡ.

ಸ್ಕೂಲ್ ವಿಚಾರ ಮಗು ಹುಟ್ಟಿದ ಮೇಲೆ ಮಾತಾಡೋಣ. ವಾಸ್ತು ಕೇಳಿದ್ದೀಯ. ಉತ್ತರದ ಬಾಗಿಲು ಶುಭ ಅಂತಾರೆ ನಿಮ್ಮಮ್ಮ, ಇರಲಿ. ಆದರೆ ಉತ್ತರಕ್ಕಿರುವ ಡ್ರೈವ್‌ವೇಗೆ ಚಳಿಗಾಲದಲ್ಲಿ ಬಿಸಿಲೇ ಬೀಳಲ್ಲ, ಐಸ್ ಕಟ್ಟಿ ಕೂರುತ್ತೆ. ಸಲಿಕೆ ಹಿಡಿಯೋನು ನೀನೇ ಅಲ್ವಾ.