ಸಾವಿರ ಕಾಲೊನಿ ಸೋಸಿದ ಪೌಲಾ

ಹಾಸನದ ನಿವೃತ್ತ ಜೀವಶಾಸ್ತ್ರ ಮೇಷ್ಟ್ರೊಬ್ಬರ ಪತ್ರ: "ಡಿಎನ್‌ಎ ನಕಲು ಮಾಡುವ ಕಿಣ್ವ ಕಂಡುಹಿಡಿದವರು ಆರ್ಥರ್ ಕಾರ್ನ್‌ಬರ್ಗ್ ಎಂದು ಜೀವನವಿಡೀ ಪಾಠ ಮಾಡಿದೆ. ಅದು ಮುಖ್ಯ ಕಿಣ್ವವೇ ಅಲ್ಲ ಎನ್ನುತ್ತಾಳೆ ಮೊಮ್ಮಗಳು. ಹಾಗಾದರೆ 1959ರ ನೊಬೆಲ್ ಸುಮ್ನೆ ಕೊಟ್ಟರೇ?"

ಮೇಷ್ಟ್ರೇ, ಮೊಮ್ಮಗಳು ಹೇಳಿದ್ದು ಸರಿ. ನೊಬೆಲ್ ಕೊಟ್ಟದ್ದೂ ಸರಿ. ಜೀವಕೋಶದ ಹೊರಗೆ, ಗಾಜಿನ ನಳಿಕೆಯಲ್ಲಿ ಡಿಎನ್‌ಎ ಬೆಳೆಸಿ ತೋರಿಸುವುದು ಸಣ್ಣ ಮಾತಲ್ಲ. ಆದರೆ ಕಾರ್ನ್‌ಬರ್ಗ್‌ಗೆ ಹಾರ ಹಾಕಲು ಜನ ಬೇಕಾದಷ್ಟಿದ್ದಾರೆ. ನನಗೆ ಹೇಳಬೇಕಿರುವುದು ಪೌಲಾ ಡಿ ಲೂಸಿಯಾ ಬಗ್ಗೆ. ಈ ಹೆಸರು ಕೇಳಿದ್ದೀರಾ?

ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಜಾನ್ ಕೇರ್ನ್ಸ್ ಎಂಬ ವಿಜ್ಞಾನಿಗೆ ಒಂದು ಅನುಮಾನ. ಕಾರ್ನ್‌ಬರ್ಗ್ ಕಿಣ್ವ ಇಲ್ಲದೆಯೂ ಬ್ಯಾಕ್ಟೀರಿಯಾ ಬದುಕೀತೇ? ಅನುಮಾನ ಪಡುವುದು ಸುಲಭ. ಹುಡುಕಿದವರು ಅವರ ಲ್ಯಾಬ್ ಸಹಾಯಕಿ ಪೌಲಾ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಕಾಲೊನಿಗಳನ್ನು (ಒಂದೇ ಜೀವಕೋಶದಿಂದ ಬೆಳೆದ ಗುಂಪುಗಳನ್ನು) ಒಂದೊಂದಾಗಿ ಬೆಳೆಸಬೇಕು, ಒಡೆಯಬೇಕು, ಕಿಣ್ವ ಎಷ್ಟಿದೆ ಅಂತ ಅಳೆಯಬೇಕು. ಮತ್ತೆ ಇನ್ನೊಂದು. ಹೀಗೆ ಸಾವಿರಾರು! ಕೊನೆಗೂ ಒಂದು ಸಿಕ್ಕಿತು. ಅದರಲ್ಲಿ ಆ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಆರಾಮಾಗಿ ಮರಿ ಹಾಕುತ್ತಿತ್ತು. ನೇರಳಾತೀತ ಬೆಳಕು ಬಿದ್ದರೆ ಮಾತ್ರ ಬೇಗ ಸಾಯುತ್ತಿತ್ತು. ಆ ಬೆಳಕು ಡಿಎನ್‌ಎಯನ್ನು ಕೆಡಿಸುತ್ತದೆ. ಅಂದರೆ ಕಾರ್ನ್‌ಬರ್ಗ್ ಕಿಣ್ವದ ದೊಡ್ಡ ಕೆಲಸ ರಿಪೇರಿ. 1969ರ ಆ ಪ್ರಬಂಧದಲ್ಲಿ ಮೊದಲ ಹೆಸರು ಪೌಲಾ ಅವರದ್ದೇ. ಇದು ಕೇರ್ನ್ಸ್ ದೊಡ್ಡತನ, ಒಪ್ಪೋಣ.

ಆಮೇಲಿನ ಕಥೆ ಸಿನಿಮಾದ್ದು. ಅಪ್ಪನ ಕೆಲಸವನ್ನು ಜನ ಹಳಿಯುವುದು ನೋಡಿ, ಚೆಲ್ಲೊ ವಾದ್ಯ ಕಲಿಯುತ್ತಿದ್ದ ಮಗ ಟಾಮ್ ಕಾರ್ನ್‌ಬರ್ಗ್ ಲ್ಯಾಬಿಗಿಳಿದ. ಡಿಎನ್‌ಎ ಕಟ್ಟುವ ಕಿಣ್ವಕ್ಕೆ ಪಾಲಿಮರೇಸ್ ಎನ್ನುತ್ತಾರೆ; ಅಪ್ಪನದು 1 ಆದರೆ, ಮಗ 2, 3 ಎರಡನ್ನೂ ಹೊರತೆಗೆದ. ಸೆಕೆಂಡಿಗೆ ಸುಮಾರು 1000 ಅಕ್ಷರ ನಕಲು ಮಾಡುವ ಓಟಗಾರ ಈ ಮೂರನೆಯದು. ಅಪ್ಪನ ಕಿಣ್ವ ಅದರ ಹಿಂದೆ ಬಂದು ಬಿಟ್ಟ ಜಾಗ ತುಂಬುತ್ತದೆ.

ನಿಮ್ಮ ಮೇಲೆ ನನಗೊಂದು ಸಣ್ಣ ಸಿಟ್ಟಿದೆ. ನೊಬೆಲ್ ಯಾರಿಗೆ ಎಂದು ಕೇಳಿದಿರಿ, ಗೊತ್ತಾದದ್ದು ಹೇಗೆ ಎಂದು ಕೇಳಲಿಲ್ಲ. ನಮ್ಮ ಪಿಯುಸಿ ಪ್ರಾಕ್ಟಿಕಲ್ ನೋಡಿ. ಸೀನಿಯರ್‌ಗಳ ರೆಕಾರ್ಡ್ ಬುಕ್ ತಂದು ಚಿತ್ರ, ಫಲಿತಾಂಶ ಎಲ್ಲ ಇಳಿಸಿಕೊಂಡರೆ ಮುಗಿಯಿತು. ಫಲಿತಾಂಶ ಬೇರೆ ಬಂತು ಅಂತ ಬರೆದ ಹುಡುಗಿಗೆ ಅಂಕ ಕೊಡುತ್ತೇವಾ? ಮೈಕ್ರೋಸ್ಕೋಪ್ ಬೀರುವಿನಲ್ಲಿ, ಬೀಗದ ಕೈ ಅಟೆಂಡರ್ ಹತ್ತಿರ. ಸ್ಲೈಡ್ ಕೂರಿಸಲು ಎಷ್ಟೋ ಕಡೆ ನಮಗಿಂತ ಚೆನ್ನಾಗಿ ಬರುವುದೂ ಅವರಿಗೇ. ನಿಮ್ಮ ಕಾಲೇಜಿನ ಅಟೆಂಡರ್ ಹೆಸರೇನು ಮೇಷ್ಟ್ರೇ? ಮುಂದಿನ ಪತ್ರದಲ್ಲಿ ಬರೆಯಿರಿ, ಅಚ್ಚು ಹಾಕುತ್ತೇನೆ.

— ಸಂ.