ಕಾಕಾ ಕಾಲೇಲ್ಕರ್: ನದಿಗಳ ದರ್ಶನಕ್ಕೆ ಹೊರಟ ಪತ್ರಕರ್ತ

ದೈವಭಕ್ತಿ, ಪತ್ರಿಕಾವೃತ್ತಿ ಮತ್ತು ಬೆಟ್ಟ-ನದಿಗಳ ಅಲೆದಾಟ ಈ ಮೂರೂ ಕೂಡಿದ್ದ ಯಾರ ಬದುಕು ನೆನೆಯತಕ್ಕದ್ದು ಎಂದು ಕೇಳಿದ್ದೀರಿ. ನಾನು ಹೇಳುವ ಹೆಸರು ದತ್ತಾತ್ರೇಯ ಬಾಲಕೃಷ್ಣ ಕಾಲೇಲ್ಕರ್ ಅವರದು. ದೇಶವೆಲ್ಲ ಅವರನ್ನು ಕಾಕಾಸಾಹೇಬ್ ಎಂದೇ ಕರೆಯಿತು. ಈಗ ನಮ್ಮಲ್ಲಿ ಅವರ ಹೆಸರು ಕೇಳಿಬರುವುದು ಬಹುಮಟ್ಟಿಗೆ 1953ರ ಮೊದಲ ಹಿಂದುಳಿದ ವರ್ಗಗಳ ಆಯೋಗದ ಪ್ರಸ್ತಾಪ ಬಂದಾಗ. ಆಯೋಗದ ಅಧ್ಯಕ್ಷತೆ ಅವರ ಬದುಕಿನ ಕಿರಿದಾದ ಒಂದು ಭಾಗ. ನದಿಗಳನ್ನು ಕುರಿತು ಅವರಷ್ಟು ಭಕ್ತಿಯಿಂದ ಬರೆದ ಮತ್ತೊಬ್ಬ ಪತ್ರಿಕಾ ಬರಹಗಾರರನ್ನು ನಾನು ಓದಿಲ್ಲ.

ಅವರು ಹುಟ್ಟಿದ್ದು 1885ರಲ್ಲಿ, ಕೃಷ್ಣಾ ತೀರಕ್ಕೆ ಹತ್ತಿರವಿರುವ ಸಾತಾರಾದಲ್ಲಿ. ಬಾಲ್ಯದ ಬಹುಭಾಗ ಕಳೆದದ್ದು ಕಾರವಾರ, ಬೆಳಗಾವಿಗಳಂಥ ನಮ್ಮದೇ ಊರುಗಳಲ್ಲಿ. ಕಾಳಿ ನದಿ ಕಡಲನ್ನು ಸೇರುವುದನ್ನು ಅವರು ಹುಡುಗನಾಗಿದ್ದಾಗಲೇ ಕಂಡಿದ್ದರು. ಬೆಳಗಾವಿಯ ಸಮೀಪದ ಬೆಳಗುಂದಿಯ ಕಡೆ ಹರಿಯುವ ಮಾರ್ಕಂಡೇಯವನ್ನು, ಹೊರಗಿನವರು ಹೆಸರೂ ಕೇಳಿರದ ಆ ಸಣ್ಣ ಹೊಳೆಯನ್ನು, ಬಾಲ್ಯದ ಗೆಳತಿಯೆಂದು ಕರೆದು ಗಂಗೆ-ನರ್ಮದೆಯರ ಸಾಲಿನಲ್ಲಿ ನಿಲ್ಲಿಸಿದರು. ದೊಡ್ಡ ತೀರ್ಥಕ್ಕೂ ಮನೆಯ ಹತ್ತಿರದ ಹೊಳೆಗೂ ಸಮಾನ ಗೌರವ ಸಲ್ಲಿಸಿದ್ದೇ ಅವರ ಭಕ್ತಿಯ ನಿಜವಾದ ಪರೀಕ್ಷೆಯೆಂದು ನಾನು ಭಾವಿಸುತ್ತೇನೆ.

ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿದ ಮೇಲೆ ಬೆಳಗಾವಿಯಲ್ಲಿ ಶಾಲೆಯ ಮೇಷ್ಟರಾದರು, ಅನಂತರ 'ರಾಷ್ಟ್ರಮತ' ಎಂಬ ಮರಾಠಿ ದಿನಪತ್ರಿಕೆಯಲ್ಲಿ ದುಡಿದರು, ಬರೋಡಾದ ಗಂಗನಾಥ ವಿದ್ಯಾಲಯದಲ್ಲಿ ಪಾಠ ಹೇಳಿದರು. ಆ ರಾಷ್ಟ್ರೀಯ ಶಾಲೆ ಮುಚ್ಚಿದಾಗ, 1912ರಲ್ಲಿ, ಅವರು ಹಿಮಾಲಯದ ದಾರಿ ಹಿಡಿದರು. ಜೊತೆಗಿದ್ದವರಲ್ಲಿ ಸ್ವಾಮಿ ಆನಂದರೊಬ್ಬರು. ಸನ್ಯಾಸಿಯಾಗಿದ್ದೂ ಪತ್ರಿಕೆಯ ಕೆಲಸ ಬಿಡದ ಅವರೇ ಮುಂದೆ ಗಾಂಧೀಜಿಯ ನವಜೀವನ ಮುದ್ರಣಾಲಯವನ್ನು ನಡೆಸಿದವರು. ಮೋಕ್ಷವನ್ನು ಅರಸಿ ಕಾಲ್ನಡಿಗೆಯಲ್ಲಿ ಹೋದ ಆ ಯಾತ್ರೆಯನ್ನು ಕಾಲೇಲ್ಕರರು ಆಮೇಲೆ ಗುಜರಾತಿಯಲ್ಲಿ ಬರೆದರು. ಮನೆಮಾತು ಮರಾಠಿಯಾಗಿದ್ದರೂ ಗುಜರಾತಿ ಗದ್ಯದಲ್ಲಿ ಅವರು ಸಾಧಿಸಿದ ಹಿಡಿತವನ್ನು ಕಂಡು ಗಾಂಧೀಜಿ ಅವರಿಗೆ 'ಸವಾಯಿ ಗುಜರಾತಿ', ಅಂದರೆ ಒಂದೂಕಾಲು ಪಾಲು ಗುಜರಾತಿ, ಎಂಬ ಬಿರುದನ್ನೇ ಕೊಟ್ಟರು.

1915ರಲ್ಲಿ ಶಾಂತಿನಿಕೇತನದಲ್ಲಿ ಗಾಂಧೀಜಿಯ ಭೇಟಿಯಾದ ಬಳಿಕ ಸಾಬರಮತಿ ಆಶ್ರಮವೇ ಅವರ ಮನೆಯಾಯಿತು. 'ನವಜೀವನ' ಪತ್ರಿಕೆಯಲ್ಲಿ ಬರೆದರು, ಅದರ ಸಂಪಾದನೆಯ ಹೊಣೆಯನ್ನೂ ಹೊತ್ತರು, ಸೆರೆಮನೆಯನ್ನೂ ಕಂಡರು. ಸಾಬರಮತಿ ಜೈಲಿನ ಗೋಡೆಗಳ ನಡುವೆ ಕೂತು ಅವರು ಬರೆದದ್ದು ಹಕ್ಕಿ, ಇರುವೆ, ಮರಗಳ ಕುರಿತು. ಬಯಲನ್ನು ಕಳೆದುಕೊಂಡವರು ಅಂಗಳದಲ್ಲೇ ಸೃಷ್ಟಿಯನ್ನು ಕಂಡ ಆ ಪುಟಗಳನ್ನು ಓದುವಾಗ ನನ್ನ ಕಣ್ಣು ತೇವವಾಗುತ್ತದೆ. ನಕ್ಷತ್ರ ನೋಡುವ ಅವರ ಹವ್ಯಾಸ ಗಾಂಧೀಜಿಗೂ ತಗುಲಿತು. ಯರವಡಾ ಜೈಲಿನಲ್ಲಿ ಗಾಂಧೀಜಿ ಖಗೋಳದ ಪುಸ್ತಕಗಳನ್ನು ಆಸಕ್ತಿಯಿಂದ ಓದಿದ್ದರ ಹಿಂದೆ ಕಾಕಾಸಾಹೇಬರ ಪ್ರೇರಣೆಯಿತ್ತು.

ಕನ್ನಡಿಗರು ಮರೆಯಬಾರದ ಪ್ರಸಂಗವೊಂದಿದೆ. 1927ರಲ್ಲಿ ಗಾಂಧೀಜಿಯ ಪ್ರವಾಸ ಮಲೆನಾಡಿಗೆ ಬಂದಾಗ, ಚಿಕ್ಕಂದಿನಿಂದಲೂ ಜೋಗವನ್ನು ನೋಡಬೇಕೆಂದು ಹಂಬಲಿಸಿದ್ದ ಕಾಲೇಲ್ಕರರು ಬಾಪೂ ಅವರನ್ನೂ ಕರೆದರು. ಮಳೆಯ ನೀರು ಅದಕ್ಕಿಂತ ಎಷ್ಟೋ ಎತ್ತರದಿಂದ ಬೀಳುತ್ತದಲ್ಲ ಎಂದು ಬಾಪೂ ನಿರಾಕರಿಸಿದರು. ಬಾಪೂ ಅವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರನ್ನಾದರೂ ಕಳುಹಿಸಿ ಎಂದರೆ, ಮಹಾದೇವರ ಪಾಲಿನ ಜೋಗ ನಾನೇ ಎಂಬ ಅರ್ಥದ ಉತ್ತರ ಬಾಪೂ ಅವರಿಂದ ಬಂತು. ಗುರುವಿನ ನಿಷ್ಠೆಗೆ ತಲೆಬಾಗಿದರೂ ಕಾಕಾಸಾಹೇಬರು ತಮ್ಮ ಹಂಬಲವನ್ನು ಬಿಡಲಿಲ್ಲ, ಹೋಗಿ ನೋಡಿಯೇ ಬಂದರು. ಜೋಗದ ಧಾರೆಗಳಲ್ಲಿ ರೋರರ್‌ನಲ್ಲಿ ರುದ್ರನನ್ನೂ ರಾಕೆಟ್‌ನಲ್ಲಿ ವೀರಭದ್ರನನ್ನೂ ಮತ್ತೊಂದು ಧಾರೆಯಲ್ಲಿ ಪಾರ್ವತಿಯನ್ನೂ ಕಂಡು ಬರೆದರು. ಈ ವಿಷಯದಲ್ಲಿ ನಾನು ಸಂಪೂರ್ಣವಾಗಿ ಶಿಷ್ಯರ ಪಕ್ಷ. ದೇಶಸೇವೆಗೆ ಬಿಡುವಿಲ್ಲದವರಿಗೂ ಶರಾವತಿಯ ಮುಂದೆ ನಿಲ್ಲುವುದು ಕಾಲಹರಣವಲ್ಲವೆಂದು ಅವರು ನಂಬಿದ್ದರು, ಮತ್ತು ಆ ನಂಬಿಕೆಯನ್ನು ಹೋಗಲಾಗದ ಓದುಗರಿಗೆ ಬರಹದ ಮೂಲಕ ತಲುಪಿಸಿದರು.

ಮುಂದೆ ಪೂರ್ವ ಆಫ್ರಿಕಾ, ಜಪಾನ್‌ಗಳಿಗೂ ಹೋಗಿ ಬರೆದ ಅವರು 1981ರ ಆಗಸ್ಟ್‌ನಲ್ಲಿ ತೀರಿಕೊಂಡರು. ಓದಲು ತೊಡಗುವುದಾದರೆ ಹಿಂದಿಯಲ್ಲಿ 'ಜೀವನಲೀಲಾ' ಎಂದು ಬಂದಿರುವ ಜಲಪ್ರಬಂಧಗಳ ಸಂಕಲನವನ್ನು ಮೊದಲು ಕೈಗೆತ್ತಿಕೊಳ್ಳಿ. ಅದರಲ್ಲಿ ಮಾರ್ಕಂಡೇಯವೂ ಇದೆ, ಜೋಗವೂ ಇದೆ.