ದುಃಖದಲ್ಲಿರುವ ಸಹೋದ್ಯೋಗಿಗೆ ‘ವೈಡ್ ಬರ್ತ್’ ಅಂತ ಬರೆಯಬಹುದಾ?

ದಯವಿಟ್ಟು ಬರೆಯಬೇಡಿ. ತಂದೆಯನ್ನು ಕಳೆದುಕೊಂಡವರಿಗೆ ‘ವಿ ಆರ್ ಗಿವಿಂಗ್ ಯು ಎ ವೈಡ್ ಬರ್ತ್’ ಅಂತ ಬರೆದರೆ ‘ನಿಮಗೆ ತೊಂದರೆ ಕೊಡುವುದಿಲ್ಲ’ ಎಂಬ ಅರ್ಥ ಬರುತ್ತದಾ ಅಂತ ಕೇಳಿದ್ದೀರಿ. ನಾನು ಇದೇ ಸಾಲನ್ನು ಬರೆದು ಕಳಿಸಿದ್ದೆ.

ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ನಮ್ಮ ತಂಡದಲ್ಲಿದ್ದರು. ನನ್ನ ಪ್ರತಿ ವರದಿಯನ್ನೂ ಪೆನ್ಸಿಲ್ ಹಿಡಿದು ಓದುತ್ತಿದ್ದರು. ಅಂಚಿನ ತುಂಬಾ ಸಣ್ಣ ಅಕ್ಷರದಲ್ಲಿ ಪ್ರಶ್ನೆಗಳು. ಅವರ ಪತಿ ತೀರಿಕೊಂಡಾಗ ಮೂರು ವಾರ ರಜೆ ಹಾಕಿದರು. ತಂಡದ ಪರವಾಗಿ ಮೇಲ್ ಬರೆಯುವುದು ನನ್ನ ಪಾಲಿಗೆ ಬಂತು. ‘ಸ್ಪೇಸ್’ ಅನ್ನುವುದು ತೀರಾ ಸಾದಾ ಅನ್ನಿಸಿತು. ನಿಘಂಟಿನಲ್ಲಿ ‘ವೈಡ್ ಬರ್ತ್’ ನೋಡಿದೆ. ‘ದೂರ ಇರುವುದು’ ಅಂತಿತ್ತು. ಅಷ್ಟು ಸಾಕು ಅಂದುಕೊಂಡೆ.

ನಾನು ತಪ್ಪಿದ್ದು ಅಲ್ಲೇ. ಯಾಕೆ ದೂರ ಇರಬೇಕು ಅಂತ ನೋಡಲೇ ಇಲ್ಲ. ‘ಬರ್ತ್’ ಹಡಗಿನವರ ಪದ, 17ನೇ ಶತಮಾನದ್ದು. ಲಂಗರು ಹಾಕಿದ ಹಡಗು ಒಂದೇ ಕಡೆ ಮುಖಮಾಡಿ ನಿಲ್ಲುವುದಿಲ್ಲ. ಗಾಳಿ, ಉಬ್ಬರ, ಇಳಿತ ತಿರುಗಿದ ಹಾಗೆ ಅದೂ ಲಂಗರಿನ ಸುತ್ತ ತಿರುಗುತ್ತದೆ. ಪಕ್ಕದಲ್ಲಿ ಹೋಗುವ ಹಡಗು ಆ ಸುತ್ತಿನಿಂದ ಆಚೆಗೇ ಹೋಗಬೇಕು, ಇಲ್ಲಾಂದ್ರೆ ಡಿಕ್ಕಿ. ನೀರಿನೊಳಗಿನ ಬಂಡೆ, ಮರಳದಿಬ್ಬ ಸಿಕ್ಕರೂ ಅಷ್ಟೇ. ಹಾಗೆ ಬಿಟ್ಟುಕೊಳ್ಳುವ ಜಾಗವೇ ಬರ್ತ್. ನಾವು ರೈಲಿನಲ್ಲಿ ಮಲಗುವ ಬರ್ತ್ ಕೂಡ ಇದೇ ಪದ. ಅಂದರೆ ಇಲ್ಲಿ ದೂರ ಹೋಗುವವನು ತನ್ನನ್ನು ತಾನು ಉಳಿಸಿಕೊಳ್ಳುತ್ತಿದ್ದಾನೆ. ಇಂಗ್ಲಿಷಿನವರು ಇದನ್ನು ಕಚ್ಚುವ ನಾಯಿಗೆ, ಜಗಳಗಂಟರಿಗೆ ಬಳಸುತ್ತಾರೆ. ನಾನು ಅದನ್ನು ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಬರೆದೆ.

ಅವರು ವಾಪಸ್ ಬಂದ ದಿನ ಕ್ಷಮೆ ಕೇಳಿದೆ, ಅರ್ಥ ಗೊತ್ತಿರಲಿಲ್ಲ ಅಂದೆ. ಅವರು ಮೆಲ್ಲಗೆ, “ಪದ ಬಿಡಿ. ಬರೆದ ಹಾಗೇ ಮಾಡಿದಿರಲ್ವಾ?” ಅಂದರು. ಮೂರು ವಾರದಲ್ಲಿ ನಮ್ಮಲ್ಲಿ ಒಬ್ಬರೂ ಫೋನ್ ಮಾಡಿರಲಿಲ್ಲ. ಅದಾದ ಮೇಲೆ ನನ್ನ ವರದಿಗಳು ಅವರ ಮೇಜಿನಿಂದ ಬೇಗ ಬರತೊಡಗಿದವು. ಅಂಚಿನಲ್ಲಿ ಒಂದು ಗೆರೆಯೂ ಇರುತ್ತಿರಲಿಲ್ಲ.

‘ಲೀವ್ ಯು ಅಲೋನ್’ ಕೂಡ ಬೇಡ, ಒರಟಾಗಿ ಕೇಳಿಸುತ್ತದೆ. ‘ಗೆಟ್ ಔಟ್ ಆಫ್ ಯುವರ್ ಹೇರ್’ ಅನ್ನುವುದು ಯಾರದ್ದಾದರೂ ಕೆಲಸದ ನಡುವೆ ಹೋಗಿ, ‘ಸರಿ, ಇನ್ನು ತಲೆ ತಿನ್ನಲ್ಲ’ ಅಂತ ಎದ್ದು ಬರುವಾಗಿನ ಹಗುರ ಮಾತು. ಸಾವಿನ ಮನೆಗೆ ಹೊಂದುವುದಿಲ್ಲ. ‘ಟೇಕ್ ಆಲ್ ದ ಟೈಮ್ ಯು ನೀಡ್’ ಸಾಕು. ಅವರಿಗೆ ಕನ್ನಡ ಬರುತ್ತದಾದರೆ ಇಂಗ್ಲಿಷ್ ಯಾಕೆ? ‘ಉತ್ತರ ಬರೆಯಬೇಕಂತಿಲ್ಲ, ಇಲ್ಲಿನ ಕೆಲಸ ನಾವು ನೋಡಿಕೊಳ್ಳುತ್ತೇವೆ’ ಅನ್ನಿ.

ಇನ್ನೊಂದು ಮಾತು. ತಮ್ಮನ್ನು ಸುಮ್ನೆ ಬಿಡಿ ಅಂತ ಅವರು ಹೇಳಿದ್ದಾರಾ? ನಿಮ್ಮ ಪ್ರಶ್ನೆಯಲ್ಲಿ ಅದು ಎಲ್ಲೂ ಇಲ್ಲ. ನಾವೂ ಕೇಳಿರಲಿಲ್ಲ, ನಾವೇ ಅಂದುಕೊಂಡೆವು. ಮೇಲ್ ಕಳಿಸಿ ಎರಡು ದಿನ ಬಿಟ್ಟು ಒಂದು ಫೋನ್ ಮಾಡಿ. ಎತ್ತದಿದ್ದರೆ ಬೇಜಾರಾಗಬೇಡಿ, ಮುಂದಿನ ವಾರ ಇನ್ನೊಮ್ಮೆ ಮಾಡಿ.